ಹದಿನೆಂಟು ಹುಡುಗರು, ಏಳು ಜಾಗ, ಒಂದು ಪಾಳಿ

ಹುಬ್ಬಳ್ಳಿಯಲ್ಲಿ ನಾನು ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಹನ್ನೊಂದು, ಹನ್ನೆರಡು ವರ್ಷದವರು. ಶುರು ಮಾಡಿದಾಗ ಒಂಬತ್ತು ಜನ ಇದ್ದರು. ಬಂದವರಿಗೆ ಇಲ್ಲ ಅನ್ನೋದು ನನಗೆ ಬರುವುದಿಲ್ಲ. ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ಮಗ್ಗುಲ ಮನೆಯವನು ಅಂತ ಹದಿನೆಂಟು ಆದರು. ನಮ್ಮ ಕಡೆ ಈ ವಯಸ್ಸಿನವರಿಗೆ ನಡೆಯುವ ಟೂರ್ನಮೆಂಟ್‌ಗಳು ಬಹಳ ಮಟ್ಟಿಗೆ ಏಳು ಜನರದ್ದು. ಅಂದರೆ ಏಳು ಮಂದಿ ಒಳಗೆ, ಹನ್ನೊಂದು ಮಂದಿ ಹೊರಗೆ. ಹೊರಗೆ ಕೂತವರದ್ದೇ ಒಂದು ಪೂರ್ತಿ ಟೀಮ್!

ಮೊದಲ ವರ್ಷ ಯಾರನ್ನು ಯಾವಾಗ ಇಳಿಸಬೇಕು ಅನ್ನೋದನ್ನು ತಲೆಯಲ್ಲೇ ಇಟ್ಟುಕೊಂಡಿದ್ದೆ. ಎಲ್ಲರನ್ನೂ ಆಡಿಸುತ್ತಿದ್ದೇನೆ ಅಂತಲೇ ನಂಬಿದ್ದೆ. ಜುಲೈ ತಿಂಗಳ ಒಂದು ಭಾನುವಾರ ಧಾರವಾಡದಲ್ಲಿ ಮ್ಯಾಚ್ ಇತ್ತು. ಅಲ್ಲಿಯ ಜಿಟಿಜಿಟಿ ಮಳೆ ಗೊತ್ತಲ್ಲ, ಮೈದಾನ ಕೆಂಪು ರಾಡಿ ಆಗಿತ್ತು. ಮುಗಿದ ಮೇಲೆ ಚಿಗರಿ ಬಸ್ಸಿಗೆ ನಿಂತೆವು. ಎಲ್ಲರ ಸಾಕ್ಸೂ ಮೊಣಕಾಲ ತನಕ ಕೆಂಪು. ಒಬ್ಬನದ್ದು ಮಾತ್ರ ಬೆಳ್ಳಗೆ, ಅಂಗಡಿಯಿಂದ ತಂದ ಹಾಗೆ. ಅವನನ್ನು ಕೊನೆಗೆ ನಾಲ್ಕು ನಿಮಿಷ ಇಳಿಸಿದ್ದೆ. ಅಷ್ಟರಲ್ಲಿ ಒಂದು ಸಲವೂ ಬಾಲ್ ಅವನ ಹತ್ತಿರ ಬಂದಿರಲಿಲ್ಲ. ಅವನ ತಾಯಿ ನನ್ನ ಕಡೆ ತಿರುಗಿ, "ಸರ್, ಇವನ ಸಾಕ್ಸ್ ತೊಳಿಯೋ ಕೆಲಸ ಉಳಿಸಿದ್ರಿ ನೋಡ್ರಿ. ಭಾಳ ಉಪಕಾರ ಆತು" ಅಂದರು. ನಗುತ್ತಲೇ ಅಂದರು. ಅವತ್ತು ಹುಬ್ಬಳ್ಳಿ ಬರುವ ತನಕ ನಾನು ಕಿಟಕಿಯಿಂದ ಹೊರಗೇ ನೋಡುತ್ತಾ ಕೂತೆ.

ರಾತ್ರಿ ಲೆಕ್ಕ ಹಾಕಿದೆ. 20 ನಿಮಿಷದ ಎರಡು ಅವಧಿ, ಒಟ್ಟು 40. ಗೋಲ್‌ಕೀಪರ್ ಇಬ್ಬರು ಇದ್ದಾರೆ, ಅವರಿಗೆ ಒಂದೊಂದು ಅವಧಿ. ಉಳಿದ ಆರು ಜಾಗಕ್ಕೆ 40ರಂತೆ 240 ನಿಮಿಷ. ಉಳಿದ ಹುಡುಗರು 16. ಭಾಗಿಸಿದರೆ ತಲೆಗೆ 15 ನಿಮಿಷ. ಇಷ್ಟು ಸಲೀಸಾದ ಲೆಕ್ಕವನ್ನು ಒಂದು ವರ್ಷ ಹಾಕದೇ ಇದ್ದೆನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಮುಂದಿನ ಸಲ ಹತ್ತು ನಿಮಿಷಕ್ಕೊಮ್ಮೆ ಆರೂ ಜನರನ್ನು ಬದಲಿಸಿದೆ. ಅದು ಪೂರಾ ಫಜೀತಿ. ಆಟ ಒಂದು ಹದಕ್ಕೆ ಬಂದಿರುತ್ತದೆ, ಅಷ್ಟರಲ್ಲಿ ಮೈ ಬಿಸಿಯಾಗದ ಆರು ಹುಡುಗರು ಒಟ್ಟಿಗೆ ನುಗ್ಗುತ್ತಾರೆ. ಯಾರು ಹಿಂದೆ, ಯಾರು ಮುಂದೆ ಅಂತ ಅವರು ಕೇಳಿಕೊಳ್ಳುವಷ್ಟರಲ್ಲಿ ನಮ್ಮ ಮೇಲೆ ಗೋಲು ಆಗಿರುತ್ತಿತ್ತು.

ದಾರಿ ತೋರಿಸಿದ್ದು ನಮ್ಮ ಓಣಿಯ ನಳ. ಹುಬ್ಬಳ್ಳಿಯ ನೀರಿನ ಕಥೆ ಹೇಳಬೇಕಿಲ್ಲ. ಎಷ್ಟೋ ದಿನಕ್ಕೊಮ್ಮೆ ನೀರು ಬರುತ್ತದೆ, ಕೊಡಗಳು ಪಾಳಿಗೆ ನಿಲ್ಲುತ್ತವೆ. ನಡುವೆ ನೀರು ನಿಂತರೆ ಯಾರೂ ಕೊಡ ಎತ್ತುವುದಿಲ್ಲ. ಮತ್ತೆ ಬಂದಾಗ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದೆ. ಇಲ್ಲವಾದರೆ ಓಣಿಯಲ್ಲಿ ಜಗಳ ಖಾತ್ರಿ. ನಮ್ಮ ಟೀಮಿಗೂ ಇದೇ ಸಾಕು ಅನ್ನಿಸಿತು.

ಹದಿನಾರು ಜನರನ್ನು ಎಂಟು ಜೋಡಿ ಮಾಡಿದೆ. ಪ್ರತಿ ಜೋಡಿಯಲ್ಲಿ ಒಬ್ಬ ಹಿಂದೆ ಆಡುವವನು, ಒಬ್ಬ ಮುಂದೆ ಆಡುವವನು. ಮೂರು ಜೋಡಿ ಒಳಗಿದ್ದರೆ ಹಿಂದೆ ಮೂವರು, ಮುಂದೆ ಮೂವರು, ಯಾವಾಗ ಬದಲಿಸಿದರೂ ಟೀಮಿನ ಆಕಾರ ಕೆಡುವುದಿಲ್ಲ. ಜೊತೆಗೆ ಒಬ್ಬ ಚೆನ್ನಾಗಿ ಆಡುವವನು, ಒಬ್ಬ ಇನ್ನೂ ಕಲಿಯುತ್ತಿರುವವನು ಇರುವ ಹಾಗೆ ನೋಡಿಕೊಂಡೆ. ಇದಕ್ಕೇ ನನಗೆ ಎರಡು ಸಂಜೆ ಹಿಡಿಯಿತು. ಹೆಸರನ್ನು ಹುಡುಗರೇ ಇಟ್ಟುಕೊಂಡರು: ಗಿರ್ಮಿಟ್, ಮಿರ್ಚಿ, ಪೇಢೆ, ಶೇಂಗಾ, ಚುರುಮುರಿ, ಕುಂದಾ, ವಡಾ, ಸೂಸಲಾ. ಹಸಿದವರ ಟೀಮ್ ಅಂತ ಬೇರೆಯವರು ನಗುತ್ತಾರೆ, ನಗಲಿ.

ಆಟ ಗಿರ್ಮಿಟ್, ಮಿರ್ಚಿ, ಪೇಢೆಯಿಂದ ಶುರು. ಐದು ನಿಮಿಷಕ್ಕೆ ಗಿರ್ಮಿಟ್ ಹೊರಗೆ, ಶೇಂಗಾ ಒಳಗೆ. ಹತ್ತಕ್ಕೆ ಮಿರ್ಚಿ ಹೊರಗೆ, ಚುರುಮುರಿ ಒಳಗೆ. ಹೀಗೇ ಐದೈದು ನಿಮಿಷಕ್ಕೆ ಒಂದೇ ಜೋಡಿ ಬದಲು. ಸೂಸಲಾ ಬಂದ ಮೇಲೆ ಮತ್ತೆ ಗಿರ್ಮಿಟ್, ಮಿರ್ಚಿ. ಕೈಯಲ್ಲೇ ಎಣಿಸಿ ನೋಡಿ, 40 ನಿಮಿಷ ಮುಗಿಯುವ ಹೊತ್ತಿಗೆ ಎಂಟೂ ಜೋಡಿಗೆ ಸರಿಯಾಗಿ 15 ನಿಮಿಷ ಬಂದಿರುತ್ತದೆ. ಮೊದಲ ಎರಡು ಜೋಡಿಗೆ ಮಾತ್ರ ಎರಡು ತುಂಡಾಗಿ, ಉಳಿದವರಿಗೆ ಒಂದೇ ಹಿಡಿತಕ್ಕೆ. ಬದಲಾವಣೆ ಒಟ್ಟು ಏಳು. ಅದರಲ್ಲಿ ಒಂದು ವಿರಾಮದಲ್ಲೇ ಆಗಿಹೋಗುತ್ತದೆ. ಮುಂದಿನ ಮ್ಯಾಚ್ ಗಿರ್ಮಿಟ್‌ನಿಂದ ಅಲ್ಲ, ಪೇಢೆಯಿಂದ. ಕೊಡ ಎತ್ತುವ ಹಾಗಿಲ್ಲ, ಅಲ್ವಾ?

ಒಂದು ವಿಷಯ ಆಡುವ ಮೊದಲೇ ಕೇಳಿಕೊಳ್ಳಬೇಕು. ದೊಡ್ಡವರ ಮ್ಯಾಚ್‌ನಲ್ಲಿ ಒಮ್ಮೆ ಹೊರಗೆ ಹೋದವನು ಮತ್ತೆ ಬರುವ ಹಾಗಿಲ್ಲ. ಮಕ್ಕಳ ಆಟದಲ್ಲಿ ಹಾಗೆ ವಾಪಸ್ ಬರಲು ಬಿಡಬಹುದು ಅಂತ ಫುಟ್‌ಬಾಲ್ ನಿಯಮಗಳ 3ನೇ ನಿಯಮದಲ್ಲೇ ಇದೆ, ಆದರೆ ಅದಕ್ಕೆ ದೇಶದ ಫುಟ್‌ಬಾಲ್ ಸಂಸ್ಥೆಯ ಒಪ್ಪಿಗೆ ಇರಬೇಕು, ಹಾಗಾಗಿ ಟೂರ್ನಮೆಂಟ್ ನಡೆಸುವವರನ್ನು ಕೇಳಲೇಬೇಕು. ಒಂದು ಕಡೆ ನಾವು ಕೇಳದೇ ಹೋಗಿ, ಮೊದಲ ಬದಲಾವಣೆಗೇ ರೆಫರಿ ತಡೆದರು. ಈಗ ಹಿಂದಿನ ದಿನವೇ ಫೋನ್ ಮಾಡುತ್ತೇನೆ. ಇನ್ನೊಂದು, ಆಟ ನಿಂತಾಗಲೇ ಬದಲಿಸಬೇಕು. ಹೊರಬರುವವನು ಪೂರ್ತಿ ಹೊರಬಂದ ಮೇಲೆ, ರೆಫರಿ ಕೈ ಮಾಡಿದ ಮೇಲೆ, ನಡುಗೆರೆ ಹತ್ತಿರದಿಂದ ಒಳಗೆ ಹೋಗಬೇಕು. ಹಾಗಾಗಿ ಐದು ನಿಮಿಷ ಕೆಲವೊಮ್ಮೆ ಆರು ಆಗುತ್ತದೆ. ಅದಕ್ಕೆ ಯಾರೂ ತಕರಾರು ಮಾಡಿಲ್ಲ.

ಯಾರಾದರೂ ಬರದಿದ್ದರೆ? ಆ ಅವಧಿಯಲ್ಲಿ ಗೋಲು ಕಾಯದ ಕೀಪರ್ ಅವನ ಜಾಗಕ್ಕೆ. ಬರದವನಿಗೆ ಮುಂದಿನ ಸಲ ಬಾಕಿ ಕೊಡುವುದಿಲ್ಲ. ಪಾಳಿಯಲ್ಲಿ ಕೊಡವೇ ಇಡದವರಿಗೆ ನೀರು ಎಲ್ಲಿಂದ?

ಹೊರಗೆ ಕೂತ ಹನ್ನೊಂದು ಜನರ ಬಗ್ಗೆ ನಾನು ಬಹಳ ದಿನ ಯೋಚಿಸಿರಲಿಲ್ಲ. ಕೂತರೆ ಕಲ್ಲು ಎಸೆಯುತ್ತಾರೆ, ಇಲ್ಲಾ ಮಿರ್ಚಿ ಗಾಡಿ ಹತ್ತಿರ ಹೋಗುತ್ತಾರೆ. ಈಗ ಅವರಿಗೂ ಒಂದು ಬಾಲ್ ಕೊಡುತ್ತೇನೆ. ಮುಂದೆ ಇಳಿಯುವ ಎರಡು ಜೋಡಿ ಪಕ್ಕದಲ್ಲಿ ಪಾಸ್ ಮಾಡುತ್ತಾ ಮೈ ಬಿಸಿ ಮಾಡಿಕೊಳ್ಳಬೇಕು. ಕಾಲು ಉಳುಕಿಸಿಕೊಂಡು ಬಂದಿದ್ದ ಒಬ್ಬನ ಕೈಗೆ ಒಂದು ದಿನ ನನ್ನ ಮೊಬೈಲ್ ಕೊಟ್ಟು ಟೈಮ್ ನೋಡು ಅಂದೆ. ಕಾಲು ವಾಸಿಯಾದರೂ ಅವನು ಆ ಕೆಲಸ ಬಿಟ್ಟಿಲ್ಲ. ತನ್ನ ಪಾಳಿ ಬಂದಾಗ ಮಾತ್ರ ಫೋನ್ ನನ್ನ ಕೈಗೆ ಇಟ್ಟು ಓಡುತ್ತಾನೆ.

ತಕರಾರು ಬಂದದ್ದು ಚೆನ್ನಾಗಿ ಆಡುವವರ ಮನೆಯಿಂದ. "ಸರ್ರ, ಗೆಲ್ಲೂದ ಬ್ಯಾಡೇನ್ರಿ ನಿಮಗ? ನಮ್ಮ ಹುಡುಗ ಹದಿನೈದ ನಿಮಿಷ ಆಡಾಕ ಇಷ್ಟ ದೂರ ಬರಬೇಕ?" ಅಂತ ಒಬ್ಬ ತಂದೆ ಕೇಳಿದರು. ಅವರ ಮಾತು ಪೂರ್ತಿ ತಪ್ಪಲ್ಲ. ಗೆಲ್ಲುವುದು ನನಗೂ ಬೇಕು. ಎಲ್ಲರಿಗೂ 15 ಅಂದರೆ ಕೆಲವು ಮ್ಯಾಚ್ ಸೋಲುತ್ತೇವೆ, ಸೋತಿದ್ದೇವೆ ಕೂಡ. ಅವರಿಗೆ ನಾನು ಪಾಳಿಯ ಲೆಕ್ಕ ಬರೆದ ನೋಟ್‌ಬುಕ್ ತೋರಿಸಿದೆ, ವಾದ ಮಾಡಲಿಲ್ಲ. ಹುಡುಗನನ್ನು ಅವರು ಬಿಡಿಸಲಿಲ್ಲ, ಆದರೆ ಈಗಲೂ ನನಗೆ ನಮಸ್ಕಾರ ಸಣ್ಣದಾಗಿಯೇ ಮಾಡುತ್ತಾರೆ.

ಒಂದು ಸಲ ನಾನೇ ಪಾಳಿ ಮುರಿದೆ. ಸೆಮಿಫೈನಲ್, 1–1. 35ನೇ ನಿಮಿಷಕ್ಕೆ ಪೇಢೆ ಹೊರಗೆ ಬಂದು ಕುಂದಾ ಹೋಗಬೇಕಿತ್ತು. ನಮ್ಮ ಗೋಲು ಹೊಡೆದವನು ಪೇಢೆ ಜೋಡಿಯವನು. ಟೈಮ್ ಆಯಿತು ಅಂತ ಮೊಬೈಲ್ ಹಿಡಿದವನು ಕೂಗಿದ. ನಾನು ಕೇಳಿಸದವನ ಹಾಗೆ ನಿಂತೆ. ಕುಂದಾ ಹುಡುಗರು ನಡುಗೆರೆ ಹತ್ತಿರ ಶೂ ಲೇಸ್ ಬಿಗಿದುಕೊಂಡು ಐದು ನಿಮಿಷ ನಿಂತೇ ಇದ್ದರು. ಪೆನಾಲ್ಟಿಯಲ್ಲಿ ಸೋತೆವು. ಸೋಲಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅವರಲ್ಲಿ ಸಣ್ಣವನು ಮಾತ್ರ ಬಸ್ಸಿನಲ್ಲಿ ಮೆಲ್ಲಗೆ, "ಸರ್, ಪಾಳಿ ನಮ್ದಿತ್ತಲ್ರೀ?" ಅಂದ. ಹೌದು ಅಂದೆ. ಮುಂದಿನ ಮ್ಯಾಚ್‌ನಲ್ಲಿ ಅವರಿಗೆ ಐದು ನಿಮಿಷ ಜಾಸ್ತಿ ಕೊಟ್ಟು ಬಾಕಿ ತೀರಿಸಿದೆ. ಆ ಐದು ನಿಮಿಷ ಹೋದದ್ದು ಪೇಢೆಯವರ ಲೆಕ್ಕದಿಂದ.

ಈ ವರ್ಷ ಹುಡುಗರು 23 ಆಗಿದ್ದಾರೆ. ಕೀಪರ್ ಇಬ್ಬರನ್ನು ಬಿಟ್ಟರೆ 21. ಮೂವರ ಏಳು ಗುಂಪು ಮಾಡಿ ಪಾಳಿ ಹಚ್ಚಿ ನೋಡಿದೆ. ತಲೆಗೆ ಹನ್ನೊಂದು ನಿಮಿಷ ಚಿಲ್ಲರೆ ಬರುತ್ತದೆ. ಅಷ್ಟಕ್ಕೆ ಸಾಕ್ಸ್ ಸರಿಯಾಗಿ ಕೊಳೆಯಾಗುವುದಿಲ್ಲ. ಎರಡು ಟೀಮ್ ಮಾಡಲೇಬೇಕು. ಭಾನುವಾರ ಇನ್ನೊಂದು ಟೀಮಿನ ಜೊತೆ ನಿಲ್ಲುವವರು ಯಾರಾದರೂ ಸಿಗುತ್ತಾರಾ ಅಂತ ಹುಡುಕುತ್ತಿದ್ದೇನೆ. ಆ ಸಣ್ಣ ನಮಸ್ಕಾರದ ತಂದೆಯನ್ನೇ ಕೇಳಿದರೆ ಹೇಗೆ ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ.