ಚಲನೆ ಕಿತ್ತುಹಾಕಿದೆ, ಸೈಟ್ ಸಾಯಲಿಲ್ಲ

ಅನಿಮೇಷನ್ ತೆಗೆದರೆ ಸೈಟ್ ಹೆಣದ ಹಾಗೆ ಕಾಣುತ್ತೆ ಅಂತ ನಮ್ಮ ಡಿಸೈನ್ ತಂಡ ತಿಂಗಳುಗಟ್ಟಲೆ ರಾಗ ಎಳೆಯಿತು. ಈಗ ಹೊಸ ಪ್ರಾಜೆಕ್ಟಿಗೆ ನನ್ನ ಸ್ಟೈಲ್‌ಶೀಟನ್ನೇ (ಪುಟದ ರೂಪ, ಚಲನೆ ನಿರ್ಧರಿಸುವ ಕಡತ) ಕೇಳಿಕೊಂಡು ಬರುತ್ತಿದ್ದಾರೆ, ಹಾಗಾಗಿ ಬರೆದಿಡುತ್ತಿದ್ದೇನೆ.

ಪರದೆಯ ಚಲನೆಗೆ ತಲೆ ತಿರುಗುವವರು ತಮ್ಮ ಫೋನ್, ಕಂಪ್ಯೂಟರಿನಲ್ಲಿ "ಚಲನೆ ಕಡಿಮೆ ಮಾಡು" ಅನ್ನುವ ಸೆಟ್ಟಿಂಗ್ ಹಾಕಿಕೊಳ್ಳಬಹುದು, ಸೈಟ್ ಅದನ್ನು ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್ ಅನ್ನುವ ಕೋಡಿನಿಂದ ತಿಳಿಯುತ್ತೆ. ಸಾಮಾನ್ಯವಾಗಿ ಎಲ್ಲವನ್ನೂ ಕುಣಿಸಿ, ಕೊನೆಗೆ ಅದರ ಅಡಿಯಲ್ಲಿ ಒಂದೊಂದನ್ನೇ ನಿಲ್ಲಿಸ್ತಾರೆ. ಯಾವುದೋ ಲೈಬ್ರರಿಯ ಸ್ಲೈಡರ್ ಕಣ್ತಪ್ಪಿಸಿಕೊಂಡೇ ತೀರುತ್ತೆ. ನಾನು ಉಲ್ಟಾ ಮಾಡಿದೆ. ಮೂಲ ಸ್ಟೈಲ್‌ಶೀಟಿನಲ್ಲಿ ಚಲನೆಯೇ ಇಲ್ಲ, ನೋ-ಪ್ರಿಫರೆನ್ಸ್ ಇದ್ದವರಿಗಷ್ಟೇ, ಅಂದರೆ ಆ ಸೆಟ್ಟಿಂಗ್ ಹಾಕಿಕೊಳ್ಳದವರಿಗಷ್ಟೇ, ಸೇರಿಕೊಳ್ಳುತ್ತೆ. ಮರೆತರೆ ಹಾಳಾಗುವುದು ಅಂದ, ಯಾರದೋ ತಲೆಯಲ್ಲ. ಆ ಸೆಟ್ಟಿಂಗ್ ಇರೋದೇ ಗೊತ್ತಿಲ್ಲದವರು ಬಹಳ ಮಂದಿ, ಅದಕ್ಕೆ ಚಲನೆ ನಿಲ್ಲಿಸಲು ಪುಟದಲ್ಲೂ ಒಂದು ಬಟನ್ ಇಟ್ಟೆ.

ದುಡ್ಡಿನ ವಿಷಯ. ಆಕ್ಸೆಸಿಬಿಲಿಟಿಗೆ, ಅಂದರೆ ಅಂಗವೈಕಲ್ಯ ಇರುವವರಿಗೂ ಸೈಟ್ ಬಳಸುವಂತೆ ಮಾಡೋದಕ್ಕೆ, ಸಿಕ್ಕ ಬಜೆಟ್ಟಿನ ಹತ್ತಿರ ಹತ್ತಿರ ಅರ್ಧವನ್ನು ಮೊದಲ ವರ್ಷ ಒಂದು ಓವರ್‌ಲೇ ವಿಜೆಟ್ (ಎಲ್ಲ ಸರಿಮಾಡ್ತೀನಿ ಅಂತ ಪುಟದ ಮೇಲೆ ಕೂರುವ ಚಂದಾ ಸಾಧನ) ನುಂಗಿತ್ತು. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಪುಟಕ್ಕೆ ಬಂದ ಕೂಡಲೇ ಹುಡುಕುತ್ತಿದ್ದದ್ದು ಅದನ್ನು ಮುಚ್ಚುವ ದಾರಿ! ಚಂದಾ ನಿಲ್ಲಿಸಿ, ಅದೇ ಹಣವನ್ನು ವೆಸ್ಟಿಬ್ಯುಲರ್ (ಒಳಕಿವಿಯ ಸಮತೋಲನದ) ತೊಂದರೆ, ಮೈಗ್ರೇನ್, ಲೋ ವಿಷನ್ (ಮಂದ ದೃಷ್ಟಿ) ಇರುವ ನಾಲ್ಕೈದು ಜನಕ್ಕೆ ಗಂಟೆ ಲೆಕ್ಕದಲ್ಲಿ ಕೊಟ್ಟು ಪರೀಕ್ಷೆ ಮಾಡಿಸಿದೆ. ನಾವು ಪ್ಯಾರಲಾಕ್ಸ್ (ಹಿನ್ನೆಲೆ, ಮುನ್ನೆಲೆ ಬೇರೆ ಬೇರೆ ವೇಗದಲ್ಲಿ ಸರಿಯುವುದು) ಮೇಲೆ ಕಣ್ಣಿಟ್ಟು ಕೂತಿದ್ದೆವು. ಒಬ್ಬರಿಗೆ ತಲೆ ತಿರುಗಿಸಿದ್ದು "ಮೇಲಕ್ಕೆ ಹೋಗಿ" ಬಟನ್ನಿನ ಸ್ಮೂತ್ ಸ್ಕ್ರೋಲ್. ಪರದೆಯಿಡೀ ಜಾರುವಾಗ ಕಣ್ಣು ಚಲಿಸ್ತಿದ್ದೀಯ ಅನ್ನುತ್ತೆ, ಒಳಕಿವಿ ಇಲ್ಲ ಅನ್ನುತ್ತೆ. ಸಣ್ಣ ಐಕಾನ್ ಗಿರಗಿರ ತಿರುಗಿದರೆ ಅವರಿಗೆ ಏನೂ ಆಗಲಿಲ್ಲ. ಜಾರುವ ಕಡೆಯೆಲ್ಲ ಫೇಡ್ ಹಾಕಿದೆ, ಒಂದು ಮಸುಕಾಗಿ ಇನ್ನೊಂದು ಮೂಡುತ್ತೆ. ಡಿಸೈನರ್‌ಗಳ ಬಾಯಿ ಮುಚ್ಚಿಸಿದ ಆ ಫೇಡಿನ ಕರ್ವ್ (ವೇಗದ ಏರಿಳಿತ) ಮತ್ತು ಅವಧಿ ಮಾತ್ರ ನನ್ನ ಹತ್ತಿರವೇ ಇರಲಿ.

ಪರದೆಯ ಮೇಲೆ ಬೆಳಕು ಪಟಪಟ ಬಡಿಯುವ ಮಿಂಚಿಗೆ ಈ ಬಟನ್ ಉಪಾಯ ನಡೆಯಲ್ಲ. ಫೋಟೋಸೆನ್ಸಿಟಿವ್ ಎಪಿಲೆಪ್ಸಿ (ಮಿಂಚುವ ಬೆಳಕಿಗೆ ಬರುವ ಅಪಸ್ಮಾರ) ಇರುವವರು ಸೆಟ್ಟಿಂಗ್ ಹುಡುಕುವ ಹೊತ್ತಿಗೆ ಫಿಟ್ಸ್ ಬಂದಿರಬಹುದು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಬೇಡ ಅನ್ನುವ ನಿಯಮ ಸುಮ್ಮನೆ ಬಂದದ್ದಲ್ಲ, ಗಾಢ ಕೆಂಪಿಗಂತೂ ಇನ್ನೂ ಬಿಗಿ. ನಮ್ಮ ಬ್ಯಾನರ್ ವಿಡಿಯೋದಲ್ಲಿ ಮಿಂಚು ಬೇಡ ಅಂದರೆ ವಿಡಿಯೋ ತಂಡ ನಕ್ಕಿತು. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿವಿ ಕಾರ್ಟೂನ್ ಒಂದರ ಕೆಂಪು-ನೀಲಿ ಮಿಂಚಿಗೆ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದನ್ನು ಹೇಳಿದ ಮೇಲೆ ಬ್ಯಾನರ್ ಮರು-ಎಡಿಟ್ ಆಯಿತು.

ನಡುವೆ ಡಿಸ್‌ಲೆಕ್ಸಿಯಾ (ಓದುವ ತೊಡಕು) ಇರುವವರಿಗೆಂದೇ ಮಾಡಿದ ಫಾಂಟುಗಳ ಹುಚ್ಚೂ ಹತ್ತಿತ್ತು. ವಾರಗಟ್ಟಲೆ ಹೋಯಿತು, ಓದುವವರಿಗೆ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಸಾಲುಗಳ ನಡುವಿನ ಜಾಗ ಕೆಲಸ ಮಾಡಿತು. ಇಂಗ್ಲಿಷಿಗೆ ಅಕ್ಷರ ಗಾತ್ರದ 1.5 ಪಟ್ಟು ಸಾಕು, ಕನ್ನಡದಲ್ಲಿ ಒತ್ತಕ್ಷರದ ಬಾಲ ಕೆಳಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತೆ, ನಾನು 1.8ರ ಆಸುಪಾಸಿನಲ್ಲಿ ನಿಂತೆ. ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದರೆ ಪದ ಒಡೆದಂತೆ ಕಂಡಿತು, ಬಿಟ್ಟೆ.

ಅನಿಮೇಷನ್ ಲೈಬ್ರರಿಗಳು ಹೋದದ್ದಕ್ಕೆ ಪುಟದ ತೂಕ (ಡೌನ್‌ಲೋಡ್ ಆಗುವ ಗಾತ್ರ) ಸುಮಾರು ಮೂರನೇ ಒಂದು ಪಾಲು ಇಳಿಯಿತು. ಸೈಟ್ ಬಿಟ್ಟು ಹೋಗುವವರು ಹೆಚ್ಚಲಿಲ್ಲ. ನಕ್ಷೆಯ ಜೂಮ್ ಮಾತ್ರ ಇನ್ನೂ ಬಗ್ಗಿಲ್ಲ. ಜಾರಿಸದೆ ಒಮ್ಮೆಲೇ ಹಾರಿಸಿದರೆ ವೆಸ್ಟಿಬ್ಯುಲರ್ ತೊಂದರೆಯವರಿಗೆ ಆರಾಮ, ಲೋ ವಿಷನ್ ಇರುವವರಿಗೆ ತಾವು ಎಲ್ಲಿದ್ದೆವು ಅನ್ನೋದೇ ತಪ್ಪಿಹೋಗುತ್ತೆ. ಹಳೆಯ ಜಾಗದ ಸುತ್ತ ಚೌಕಟ್ಟು ಎಳೆದು ನೋಡುತ್ತಿದ್ದೇನೆ.