ಮೊಬೈಲ್ ಇಲ್ಲದೆ ಇಬ್ಬರು ಮಕ್ಕಳ ರಾತ್ರಿ ಊಟ: ನನ್ನ ಅನುಭವ

ಮೊನ್ನೆ ನಮ್ಮ ಭಾವ ತುಮಕೂರಿಗೆ ಬಂದಿದ್ದವರು ಗಡಿಯಾರ ನೋಡಿಕೊಂಡೇ ಕೂತರು. ಇಬ್ಬರು ಮಕ್ಕಳ ಊಟ 24 ನಿಮಿಷಕ್ಕೆ ಮುಗಿಯಿತು. ಮೊಬೈಲ್ ಇಲ್ಲ, ಟಿವಿ ಇಲ್ಲ, ಗುಮ್ಮ ಬರ್ತಾನೆ ಅನ್ನೋ ಮಾತೂ ಇಲ್ಲ. ಹೋದ ವರ್ಷ ಇದೇ ಭಾವ "ಈಗಿನ ಮಕ್ಕಳು ಫೋನ್ ಇಲ್ಲದೆ ಬಾಯಿ ತೆಗೀತಾವೇನಯ್ಯಾ, ಸುಮ್ನೆ ಕೊಟ್ಟುಬಿಡು" ಅಂದಿದ್ದರು. ಅದಕ್ಕೇ ಇದನ್ನ ಬರೀತಾ ಇದ್ದೀನಿ.

ದೊಡ್ಡವಳು ಯುಕೆಜಿ, ಚಿಕ್ಕವನಿಗೆ ಎರಡೂವರೆ. ಹೆಂಡತಿ ನರ್ಸ್. ತಿಂಗಳಲ್ಲಿ ಹದಿನೈದು ದಿನವಾದರೂ ಮಧ್ಯಾಹ್ನದ ಶಿಫ್ಟ್ ಬೀಳುತ್ತೆ, ಮನೆ ಸೇರೋದು ಒಂಬತ್ತೂವರೆಗೆ. ಹಾಗಾಗಿ ರಾತ್ರಿ ಊಟ ನನ್ನ ಪಾಲು. ನನ್ನದು ಜೆರಾಕ್ಸ್ ಅಂಗಡಿ. ಮನೇಲಿ ಅಮ್ಮ ಇದ್ದಾಳೆ, ಆದರೆ ಮಂಡಿನೋವು. ಎರಡು ಕೋತಿಗಳ ಹಿಂದೆ ತಟ್ಟೆ ಹಿಡಿದು ಓಡೋಕೆ ಅವಳಿಂದ ಆಗಲ್ಲ.

ಮೊದಲು ದುಡ್ಡು ಕಳೆದ ಕಥೆ ಹೇಳಿಬಿಡ್ತೀನಿ. ಮಕ್ಕಳನ್ನ ಕೂರಿಸಿ ಬೆಲ್ಟ್ ಹಾಕೋ ಎತ್ತರದ ಕುರ್ಚಿ ತಂದೆ, ಐದು ಸಾವಿರದ ಮೇಲೆ. ಮೂರನೇ ದಿನ ಚಿಕ್ಕವನು ಬೆಲ್ಟಿನಿಂದ ನುಸುಳಿ ಅದರ ಮೇಲೆ ನಿಂತುಕೊಂಡ. ಇನ್ನೇನು ಬೀಳಬೇಕು, ಅಷ್ಟರಲ್ಲಿ ಅಂಗಿ ಹಿಡಿದೆ. ಆಮೇಲೆ ಆರು ತಿಂಗಳು ಅದರ ಮೇಲೆ ಒದ್ದೆ ಟವೆಲ್ ಒಣಗಿತು. ಕೊನೆಗೆ 1,500ಕ್ಕೆ ಮಾರಿದೆ. ನೆಲಕ್ಕೆ ಅಂಟಿಕೊಳ್ಳೋ ರಬ್ಬರ್ ತಟ್ಟೆ, 600 ಚಿಲ್ಲರೆ. ಕಿತ್ತು ಮಗುಚೋದು ಹೇಗೆ ಅಂತ ಅವನು ಎರಡೇ ದಿನದಲ್ಲಿ ಕಲಿತ. ದೊಡ್ಡವಳಿಗೆ ಊಟ ಮುಗಿಸಿದರೆ ಒಂದು ಸ್ಟಿಕ್ಕರ್ ಅಂದೆ. ವಾರದಲ್ಲಿ "ಒಂದಕ್ಕಾದರೆ ಅರ್ಧ ಊಟ, ಎರಡು ಕೊಟ್ಟರೆ ಪೂರ್ತಿ" ಅಂತ ರೇಟ್ ಕೂರಿಸಿದಳು. ವ್ಯಾಪಾರಿ ಮಗಳು, ಏನು ಮಾಡೋದು.

ಮೊಬೈಲ್ ಕೊಟ್ಟಾಗಲೂ ಬೇಗ ಮುಗೀತಿರಲಿಲ್ಲ, ಅದನ್ನ ಯಾರೂ ಹೇಳಲ್ಲ. ಹಾಡಿನ ನಡುವೆ ಜಾಹೀರಾತು ಬಂದರೆ ಅಗಿಯೋದು ನಿಲ್ಲುತ್ತೆ. ಕೆನ್ನೆಯಲ್ಲಿ ಅನ್ನ ಹಾಗೇ ಕೂತಿರುತ್ತೆ. ಒಂದೂಕಾಲು ಗಂಟೆ ಹಿಡಿದ ದಿನಗಳಿವೆ. ಒಂದು ಸಲ ಸಿಟ್ಟು ಬಂದು ಒಮ್ಮೆಲೇ ನಿಲ್ಲಿಸಿದೆ. ಮೂರು ರಾತ್ರಿ ರಂಪ. ನಾಲ್ಕನೇ ರಾತ್ರಿ ಅಮ್ಮನೇ ತನ್ನ ಫೋನ್ ತೆಗೆದುಕೊಟ್ಟಳು. ಅಲ್ಲಿಗೆ ಆ ಪ್ರಯತ್ನ ಮುಗೀತು.

ಆಮೇಲೆ ಒಂದು ವಾರ ಬೇರೆ ಏನೂ ಮಾಡಲಿಲ್ಲ. ನಾಲ್ಕು ಗಂಟೆಯಿಂದ ಏನೇನು ಹೊಟ್ಟೆಗೆ ಹೋಗುತ್ತೆ ಅಂತ ಅಂಗಡಿಯ ರಫ್ ಹಾಳೆಯ ಹಿಂದೆ ಬರೆದಿಟ್ಟೆ. ನಾನು ಅಂಗಡಿಯಲ್ಲಿರೋ ಹೊತ್ತಿನದನ್ನ ಅಮ್ಮನ ಕೈಲಿ ಬರೆಸಿದೆ. ಐದೂವರೆಗೆ ಬಿಸ್ಕತ್ತು, ಆರೂವರೆಗೆ ಚಿಪ್ಸ್, ಏಳೂವರೆಗೆ ಮತ್ತೆ ಬಿಸ್ಕತ್ತು. ನಾನು ಶಟರ್ ಎಳೆದು ಬರೋದು ಎಂಟೂವರೆಗೆ. ಅಷ್ಟು ಹೊತ್ತಿಗೆ ಹೊಟ್ಟೆ ತುಂಬಿರುತ್ತೆ, ಕಣ್ಣು ಎಳೀತಿರುತ್ತೆ. ಸಾಲದ್ದಕ್ಕೆ ಒಂಬತ್ತಕ್ಕೆ ಬಾಟಲಿ ಹಾಲು ಬರುತ್ತೆ ಅಂತ ಚಿಕ್ಕವನಿಗೆ ಗೊತ್ತು. ಅನ್ನ ಯಾಕೆ ತಿಂತಾನೆ? ತಪ್ಪು ಮಕ್ಕಳದ್ದಲ್ಲ, ನನ್ನ ಶಟರ್ ಟೈಮಿನದ್ದು.

ಊಟವನ್ನ ಏಳು ಗಂಟೆಗೆ ತಂದೆ. ಹಾಲು ನಾಲ್ಕಕ್ಕೆ, ಅರ್ಧ ಲೋಟ, ಅಷ್ಟೇ. ಬಾಟಲಿಯನ್ನ ಕಪಾಟಿನ ಮೇಲೆ ಎಸೆದೆ. ಐದರ ನಂತರ ಬಾಳೆಹಣ್ಣು ಬಿಟ್ಟು ಬೇರೇನೂ ಇಲ್ಲ. ಇದಕ್ಕೆ ಅಮ್ಮನ ಜೊತೆ ಜಗಳವೇ ಆಯಿತು. "ಮಗೂನ ಉಪವಾಸ ಕೆಡವುತೀಯಾ?" ಅಂತ ಎರಡು ದಿನ ಮಾತು ಬಿಟ್ಟಳು. ಆದರೆ ಮುಂದಿನ ದಾರಿ ಹೊಳೆದದ್ದೂ ಅವಳಿಂದಲೇ. ನಾವು ಚಿಕ್ಕವರಿದ್ದಾಗ ದೊಡ್ಡ ಬೋಗುಣಿಯಲ್ಲಿ ಅನ್ನ ಕಲಸಿ, ಸುತ್ತ ಕೂರಿಸಿ ಒಬ್ಬೊಬ್ಬರ ಕೈಗೆ ತುತ್ತು ಹಾಕ್ತಿದ್ದಳು. ಅದನ್ನೇ ಶುರು ಮಾಡಿದೆ.

ಕೈತುತ್ತು ನಿಮಗೆಲ್ಲ ಗೊತ್ತಿರೋದೇ. ನಾನು ಮಾಡಿದ ಬದಲಾವಣೆ ಮಾತ್ರ ಹೇಳ್ತೀನಿ. ಅಕ್ಕಿಯನ್ನ ಒಂದು ವಿಷಲ್ ಜಾಸ್ತಿ ಕೂಗಿಸಬೇಕು, ಉದುರುದುರಾದ ಅನ್ನದಲ್ಲಿ ತುತ್ತು ನಿಲ್ಲಲ್ಲ. ಚಿಕ್ಕವನಿಗೆ ನೆಲ್ಲಿಕಾಯಿಗಿಂತ ಸಣ್ಣ ತುತ್ತು. ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ, ಅದಕ್ಕೆ ನಾಲ್ಕು ಹನಿ ಸಾರು. ಆ ಗುಳಿ ನೋಡೋಕೇ ಅವನು ಕೈ ಚಾಚುತ್ತಾನೆ. ಸರದಿ ಅಮ್ಮನಿಂದ ಶುರು, ಆಮೇಲೆ ದೊಡ್ಡವಳು, ಚಿಕ್ಕವನು, ಕೊನೆಗೆ ನಾನು. ಯಾರು ಕೈ ಚಾಚಲಿಲ್ಲವೋ ಅವರನ್ನ ಬಿಟ್ಟು ತುತ್ತು ಮುಂದಕ್ಕೆ ಹೋಗುತ್ತೆ. "ತಿನ್ನು" ಅನ್ನೋ ಮಾತು ಬಾಯಿಂದ ಬರಬಾರದು. ಇದೇ ಎಲ್ಲಕ್ಕಿಂತ ಕಷ್ಟ, ನಾಲಿಗೆ ಕಚ್ಚಿಕೊಂಡು ಕೂತಿದ್ದೀನಿ. ಮೊದಲ ದಿನ ಚಿಕ್ಕವನದ್ದು ಎರಡೇ ತುತ್ತು. ಹತ್ತನೇ ದಿನದ ಹೊತ್ತಿಗೆ ಅವನನ್ನ ಬಿಟ್ಟು ಮುಂದೆ ಹೋದರೆ ಕಿರುಚೋಕೆ ಶುರು ಮಾಡಿದ. ಈಗ ಅವನದ್ದು ಒಂಬತ್ತು ಹತ್ತು, ದೊಡ್ಡವಳದ್ದು ಹದಿನಾಲ್ಕರ ಹತ್ತಿರ. ಮೂರನೇ ಸುತ್ತಿನಲ್ಲಿ ನಾನೊಂದು ಕೈಚಳಕ ಮಾಡ್ತೀನಿ. ಅದು ಹೆಂಡತಿಗೂ ಗೊತ್ತಿಲ್ಲ, ಇಲ್ಲೂ ಹೇಳಲ್ಲ.

ಮುದ್ದೆ ಪ್ರಯೋಗವೂ ಆಯಿತು. ನಮ್ಮ ಕಡೆ ಮುದ್ದೆ ಇಲ್ಲದಿದ್ದರೆ ಊಟ ಅಂತ ಯಾರು ಕರೀತಾರೆ? ಸಣ್ಣ ಗುಂಡು ಮಾಡಿ ಬಸ್ಸಾರಿನಲ್ಲಿ ಅದ್ದಿ ಕೊಟ್ಟೆ. ದೊಡ್ಡವಳು ಗುಳುಂ ಅನಿಸಿದಳು. ಚಿಕ್ಕವನು ಗೋಡೆಗೆ ಅಂಟಿಸಿದ. ಒಣಗಿದ ಮುದ್ದೆ ಸಿಮೆಂಟ್ ಇದ್ದ ಹಾಗೆ, ಕೆರೆದರೆ ಸುಣ್ಣವೂ ಜೊತೆಗೇ ಬಂತು. ಅವನಿಗೆ ಸದ್ಯ ಅಂಬಲಿಯೇ ಸಾಕು.

ಡಿಸೆಂಬರಿನಲ್ಲಿ ಮಾಗಡಿ ಅವರೆ ಬಂತು, ಕೆಜಿಗೆ 60ರ ಆಸುಪಾಸು ಇತ್ತು. ಮೂರು ಕೆಜಿ ತಂದು ಮಕ್ಕಳ ಮುಂದೆ ಸುರಿದೆ. ತಾನೇ ಸುಲಿದದ್ದನ್ನ ತಿಂತಾಳೇನೋ ನೋಡೋಣ ಅಂತ. ಬೇಳೆ ಹಿದುಕೋದು ದೊಡ್ಡವಳಿಗೆ ಹುಚ್ಚು ಹಿಡಿಸಿತು. ನೆನೆದ ಕಾಳನ್ನ ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪಿಚಕ್ ಅಂತ ಹಾರಿ ಟಿವಿ ಸ್ಟ್ಯಾಂಡಿನ ಕೆಳಗೆ ಹೋಗೋದು. ಬೆರಳೆಲ್ಲ ಸೊಗಡು. ಅವತ್ತು ಹಿದುಕಿದ ಬೇಳೆ ಸಾರಿನಲ್ಲಿ ಹದಿನೆಂಟು ತುತ್ತು ಹೋಯಿತು, ಈವರೆಗಿನ ದಾಖಲೆ. ಆದರೆ ಅದೇ ಸಂಜೆ ಚಿಕ್ಕವನು ಒಂದು ಕಾಳು ಮೂಗಿಗೆ ಸೇರಿಸಿಕೊಂಡಿದ್ದ. ನಾನು ಕೈ ಹಾಕಲಿಲ್ಲ, ಹಾಕಿದರೆ ಇನ್ನೂ ಒಳಗೆ ಹೋಗುತ್ತೆ. ಸೀದಾ ಕಿವಿ ಮೂಗು ಡಾಕ್ಟರ ಹತ್ತಿರ ಓಡಿದೆ. ತೆಗೆಯೋಕೆ ಎರಡು ನಿಮಿಷ, ಫೀಸು 800. ಎಂಟು ನೂರು ರೂಪಾಯಿ ಕೊಟ್ಟು ಒಂದೇ ಒಂದು ಅವರೆಕಾಳು ಮನೆಗೆ ತಂದೆ. ಈಗ ಅವನು ಮಲಗಿದ ಮೇಲೇ ನಮ್ಮ ಮನೇಲಿ ಕಾಳು ಸುಲಿಯೋದು.

ಇನ್ನು ಲೆಕ್ಕ. ಆರೂವರೆಗೆ ಅಂಗಡಿ ಬಿಟ್ಟರೆ ಟ್ಯೂಷನ್ ಹುಡುಗರ ನೋಟ್ಸ್ ವ್ಯಾಪಾರವೆಲ್ಲ ಪಕ್ಕದವನಿಗೆ. ಮೊದಲ ತಿಂಗಳು ದಿನಕ್ಕೆ 300, 350 ಹೋಯಿತು. ಆಮೇಲೆ ಸಂಜೆ ಹೊತ್ತಿಗೆ ಒಬ್ಬ ಡಿಗ್ರಿ ಹುಡುಗನನ್ನ ಇಟ್ಟುಕೊಂಡೆ, ಸಂಬಳ 4,500. ಬಿಸ್ಕತ್ತು ಚಿಪ್ಸಿಗೆ ಹೋಗ್ತಿದ್ದ ಎರಡು ಸಾವಿರ ಉಳೀತು. ಹುಡುಗ ದಿನಕ್ಕೆ ಒಂದಷ್ಟು ಹಾಳೆ ಕೆಡಿಸ್ತಾನೆ, ಅದು ಬೇರೆ. ಎಲ್ಲ ಕೂಡಿ ಕಳೆದರೂ ತಿಂಗಳಿಗೆ ಎರಡೂವರೆ ಸಾವಿರದ ಮೇಲೆ ಕೈಯಿಂದಲೇ ಹೋಗ್ತಿದೆ. ಹೋಗಲಿ. ಎಂಟೂಕಾಲಿಗೆ ಇಬ್ಬರೂ ಮಲಗಿರ್ತಾರೆ, ಹೆಂಡತಿ ಬಂದಾಗ ಮನೆ ಸದ್ದಿಲ್ಲದೆ ಇರುತ್ತೆ.

ಬೆಳಗಿನ ತಿಂಡಿ ವಿಷಯ ಮಾತ್ರ ಕೇಳಬೇಡಿ. ಇಡ್ಲಿಯನ್ನ ಚಟ್ನಿಗೆ ಕಲಸಿ ತುತ್ತು ಮಾಡಿ ನೋಡಿದೆ, ಅಂಟು ಅಂಟಾಗಿ ನನಗೇ ನುಂಗೋಕೆ ಆಗಲಿಲ್ಲ. ಎಂಟು ಗಂಟೆಗೆ ವ್ಯಾನ್ ಹಾರ್ನ್ ಹೊಡೀತಿರುತ್ತೆ, ದೊಡ್ಡವಳು ಅರ್ಧ ದೋಸೆ ಕೈಯಲ್ಲಿ ಹಿಡ್ಕೊಂಡೇ ಹತ್ತುತ್ತಾಳೆ. ಉಳಿದರ್ಧ ನಾನು ತಿಂತೀನಿ.