ಪಾಂಡರ್‌ಗೆ ತಕ್ಕಡಿ, ಪಾಂಟಿಫಿಕೇಟ್‌ಗೆ ಪೀಠ

ಇಂಗ್ಲಿಷಿನ ಪಾಂಡರ್ (ponder, ಆಳವಾಗಿ ಯೋಚಿಸು), ಪಾಂಟಿಫಿಕೇಟ್ (pontificate, ಎಲ್ಲ ಬಲ್ಲವರ ಹಾಗೆ ಉಪದೇಶ ಮಾಡು) ಎರಡೂ ಕಲಸಿಹೋಗುತ್ತಿದ್ದರೆ ಮೊದಲನೆಯದಕ್ಕೆ ತಕ್ಕಡಿ, ಎರಡನೆಯದಕ್ಕೆ ಪೀಠ ಅಂತ ನೆನಪಿಟ್ಟುಕೊಳ್ಳಿ. ಪಾಂಡರ್ ಬಂದದ್ದು ಲ್ಯಾಟಿನ್‌ನಲ್ಲಿ ‘ತೂಗು’ ಅನ್ನುವ ಪದದಿಂದ. ತೂಕದ ಪೌಂಡ್ ಕೂಡ ಅದರ ನೆಂಟನೇ. ನಾವೂ ‘ತೂಗಿ ನೋಡು’ ಅನ್ನುತ್ತೇವೆ, ಅಲ್ವಾ? ಪಾಂಟಿಫಿಕೇಟ್‌ನ ಮೂಲ ಪಾಂಟಿಫೆಕ್ಸ್, ಅಂದರೆ ಹಳೇ ರೋಮಿನ ದೊಡ್ಡ ಪುರೋಹಿತ. ಆಮೇಲೆ ಪೋಪ್‌ಗೂ ಅದೇ ಬಿರುದು ಬಂತು. ತಾನು ಹೇಳಿದ್ದೇ ಕೊನೇ ಮಾತು ಅನ್ನುವ ಗತ್ತು ಅಲ್ಲಿಯದು. ಕೆಲಸ ಬಿಡಲೋ ಬೇಡವೋ ಅಂತ ರಾತ್ರಿಯೆಲ್ಲ ಸುಮ್ನೆ ಸೂರು ನೋಡುತ್ತಾ ಮಲಗಿದವರು ಮಾಡುವುದು ಪಾಂಡರ್. ಮದುವೆಮನೆಯಲ್ಲಿ ಎಲೆ ಮುಂದೆ ಕೂತು, ಯಾರೂ ಕೇಳದಿದ್ದರೂ, ಕ್ರಿಕೆಟ್ ಟೀಮ್ ಹೇಗಿರಬೇಕು ಅಂತ ಅಪ್ಪಣೆ ಕೊಡಿಸುವ ಮಾವ ಮಾಡುವುದು ಪಾಂಟಿಫಿಕೇಟ್. (ಒಬ್ಬರಾದರೂ ಇರ್ತಾರೆ.) ಇದು ಹೊಗಳಿಕೆಯಲ್ಲ, ಬಾಸ್ ಬಗ್ಗೆ ಮೇಲ್‌ನಲ್ಲಿ ಬರೆದೀರಿ ಜೋಕೆ! ಎರಡು ಕಡೆ ಈ ಉಪಾಯ ಕೈಕೊಡುತ್ತದೆ. ಪಾಂಡರಸ್ ಅಂದರೆ ಯೋಚನಾಶೀಲ ಅಲ್ಲ, ಭಾರ. ಮಾತಿಗೆ ಹೇಳಿದರೆ ಜಡ, ನೀರಸ. ಪಾಂಟಿಫಿಕೇಟ್ ನಾಮಪದವಾಗಿ ಬಂದರೆ ಪೋಪ್ ಅಧಿಕಾರದಲ್ಲಿದ್ದ ಅವಧಿ ಅಷ್ಟೆ, ಅದರಲ್ಲಿ ಕೊಂಕಿಲ್ಲ.